ಮನೆ ಊಟವೇ ಮಾಡಿದರೂ ಹೊಟ್ಟೆ ಬರುತ್ತಿದೆಯಾ? ಬೇಳೆ ಡಬ್ಬ, ಎಣ್ಣೆ ಕ್ಯಾನು ನೋಡಿ

ನೀವು ಕೇಳಿರುವುದು ಇಷ್ಟು: ವಯಸ್ಸು 36, ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. ಮನೆಯಲ್ಲಿ ನಾಲ್ಕು ಜನ, ಮೂರು ಹೊತ್ತೂ ಮನೆ ಅಡುಗೆ, ಹೋಟೆಲ್ಲು ಅಪರೂಪ. ಆದರೂ ಹೊಟ್ಟೆ ಮುಂದೆ ಬರುತ್ತಿದೆ, ಸಂಜೆಯಾದರೆ ಸುಸ್ತು. ಜಿಮ್ಮಿಗೆ ಪುರುಸೊತ್ತಿಲ್ಲ, ಓಟ್ಸು, ಸಲಾಡು ಗಂಟಲಲ್ಲಿ ಇಳಿಯಲ್ಲ. ದಿನಾ ನಡೆಸಿಕೊಂಡು ಹೋಗುವಂಥ ಸುಲಭದ ಅಭ್ಯಾಸ ಏನಿದೆ?

ಓಟ್ಸ್ ಬಿಡಿ, ಅದು ಬೇಕಿಲ್ಲ. ಬೇಕಾದ ಪದಾರ್ಥವೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ, ಕೆಟ್ಟಿರುವುದು ಅಳತೆ. ಹಾಗಾಗಿ ಮೊದಲ ವಾರ ಊಟದಲ್ಲಿ ಏನನ್ನೂ ಬದಲಾಯಿಸಬೇಡಿ. ಒಂದು ಚಿಕ್ಕ ಅಡುಗೆ ತಕ್ಕಡಿ ತಂದು ಅಕ್ಕಿ, ಬೇಳೆ, ಎಣ್ಣೆ ಈ ಮೂರನ್ನು ಮಾತ್ರ ಪಾತ್ರೆಗೆ ಬೀಳುವ ಮುಂಚೆ ತೂಗಿ, ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿಡಿ. ವಾರದ ಕೊನೆಗೆ ಆ ಚೀಟಿಯೇ ಅರ್ಧ ಉತ್ತರ ಹೇಳುತ್ತೆ.

ಬೇಳೆಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. "ದಿನಾ ಬೇಳೆ ಸಾರು ತಿಂತೀವಲ್ಲ, ಪ್ರೋಟೀನ್ ಬರುತ್ತೆ" ಅನ್ನುತ್ತಾರೆ. ನಾಲ್ಕು ಜನರ ತಿಳಿಸಾರಿಗೆ ಒಂದು ಹಿಡಿ ತೊಗರಿಬೇಳೆ, ಅಂದರೆ ಸುಮಾರು 50 ಗ್ರಾಂ ಹಾಕುತ್ತೀರಿ ಅಂದುಕೊಳ್ಳಿ. ತಲೆಗೆ 12 ಗ್ರಾಂ ಬೇಳೆ. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುವುದರಿಂದ, ನಿಮ್ಮ ತಟ್ಟೆಗೆ ಬಂದಿದ್ದು ಮೂರು ಗ್ರಾಂಗೂ ಕಡಿಮೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. 65 ಕೆಜಿ ಇದ್ದರೆ 54 ಗ್ರಾಂ. ಅಕ್ಕಿಯಲ್ಲೂ ನೂರಕ್ಕೆ 8 ಗ್ರಾಂ ಹತ್ತಿರ ಇದೆ, ನಿಜ. ಆದರೆ ಆ ಎಂಟು ಗ್ರಾಂ ಜೊತೆಗೆ 350 ಕ್ಯಾಲೊರಿ ಬರುತ್ತೆ. ಸಾರು ತೆಳ್ಳಗಿದ್ದಷ್ಟೂ ಅನ್ನ ಜಾಸ್ತಿ ಹೋಗುತ್ತೆ, ಎರಡು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಹಸಿವು, ನಾಲ್ಕು ಗಂಟೆಗೆ ಬಿಸ್ಕತ್ತು. ನಿಮ್ಮ ಹೊಟ್ಟೆಯ ಕತೆ ಬಹುಪಾಲು ಇಷ್ಟೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನಕ್ಕೆ ಒಂದು ತಟ್ಟೆ ಕೊಟ್ಟಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85, ಸೊಪ್ಪು ತರಕಾರಿ 400, ಹಣ್ಣು 100, ಹಾಲು ಮೊಸರು ಸೇರಿ 300 ಮಿಲಿ, ಕಡಲೆಕಾಯಿಬೀಜ ಬಾದಾಮಿಯಂಥವು 35, ಎಣ್ಣೆ 27 ಗ್ರಾಂ. ಎಲ್ಲ ಹಸಿ ತೂಕ. ಧಾನ್ಯ ಅಂದರೆ ಅಕ್ಕಿ ಒಂದೇ ಅಲ್ಲ. ಬೆಳಗಿನ ರವೆ, ಅವಲಕ್ಕಿ, ರಾತ್ರಿಯ ಚಪಾತಿ ಎಲ್ಲ ಅದೇ 250ರೊಳಗೆ. ಬೇಳೆಕಾಳು 85 ಗ್ರಾಂ ಅಂದರೆ ನಾಲ್ಕು ಜನಕ್ಕೆ ದಿನಕ್ಕೆ 340 ಗ್ರಾಂ. ನಾಳೆಯೇ ಅಲ್ಲಿಗೆ ಮುಟ್ಟಲು ಹೋದರೆ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ. ಮೊದಲ ತಿಂಗಳು ನಾಲ್ಕೂ ಜನಕ್ಕೆ ಸೇರಿ ದಿನಕ್ಕೆ 200 ಗ್ರಾಂ ಗುರಿ ಇಟ್ಟುಕೊಳ್ಳಿ.

ಇದಕ್ಕೆ ನಾನು ಹೇಳುವ ಅಡುಗೆ ಬಸ್ಸಾರು. ಒಂದೇ ಪಾತ್ರೆಯಿಂದ ಸಾರೂ ಬರುತ್ತೆ, ಕಾಳು ಸೊಪ್ಪಿನ ಪಲ್ಯವೂ ಬರುತ್ತೆ. ನಾಲ್ಕು ಜನಕ್ಕೆ 150 ಗ್ರಾಂ ಅಲಸಂದೆ ಅಥವಾ ಹೆಸರುಕಾಳು, ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪು. ಕಾಳನ್ನು ರಾತ್ರಿ ನೆನೆಸಿ, ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಬೆರಳಲ್ಲಿ ಒತ್ತಿದರೆ ಮೆತ್ತಗಿರಬೇಕು, ಆದರೆ ಕಾಳು ಕಾಳಾಗಿಯೇ ಉಳಿಯಬೇಕು. ಆಮೇಲೆ ಹೆಚ್ಚಿದ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ ನಾಲ್ಕೈದು ನಿಮಿಷ. ಬಸಿದು ತೆಗೆದ ನೀರಿಗೆ ಒಂದು ಸೌಟು ಬೆಂದ ಕಾಳು, ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸ್ವಲ್ಪ ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಎರಡು ಚಿಕ್ಕ ಚಮಚ ಎಣ್ಣೆಯ ಒಗ್ಗರಣೆ ಹಾಕಿದರೆ ಪಲ್ಯ. ತಲೆಗೆ ಎಂಟು ಒಂಬತ್ತು ಗ್ರಾಂ ಪ್ರೋಟೀನ್ ಒಂದೇ ಹೊತ್ತಿಗೆ ಸಿಕ್ಕಿತು. ಕೆಡುವುದು ಎರಡು ಕಡೆ. ಕುಕ್ಕರಿಗಿಟ್ಟು ನಾಲ್ಕು ವಿಷಲ್ ಕೂಗಿಸಿದರೆ ಕಾಳು ಸೊಪ್ಪು ಎಲ್ಲ ಗಂಜಿಯಾಗಿ ಬಸಿಯಲು ಏನೂ ಉಳಿಯಲ್ಲ. ಇನ್ನೊಂದು, ಸಾರಿನಲ್ಲಿ ಮೂರು ಸಲ ಅನ್ನ ಕಲಸಿ, ಪಲ್ಯವನ್ನು ಉಪ್ಪಿನಕಾಯಿಯ ಥರ ತಟ್ಟೆಯ ಮೂಲೆಗೆ ಹಾಕಿಕೊಳ್ಳುವುದು. ಪಲ್ಯ ಒಂದು ಬಟ್ಟಲು ತುಂಬ ಇರಬೇಕು.

ಕಾಳು ತಿಂದರೆ ಗ್ಯಾಸು ಅನ್ನುವವರಿಗೆ: ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿದಾಗ ಗಾಳಿ ಹುಟ್ಟುತ್ತೆ. ಎಂಟು ಗಂಟೆ ನೆನೆಸಿ ನೀರು ಚೆಲ್ಲಿದರೆ ಅದರಲ್ಲಿ ಒಂದಷ್ಟು ಹೋಗುತ್ತೆ, ಮೊಳಕೆ ಬರಿಸಿದರೆ ಇನ್ನಷ್ಟು. ಮೊಳಕೆಗೆ ಲೋಳೆ ಬಂದು ವಾಸನೆ ಹೊಡೆದರೆ ನೀರು ಸರಿಯಾಗಿ ಬಸಿದಿಲ್ಲ ಅಂತ ಅರ್ಥ. ಬಟ್ಟೆ ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ತಿನ್ನುವ ಮುಂಚೆ ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಹಸಿ ಮೊಳಕೆಯಲ್ಲಿ ಕೆಟ್ಟ ಬ್ಯಾಕ್ಟೀರಿಯಾವೂ ಬೆಳೆದಿರಬಹುದು.

ಇನ್ನು ಬಡಿಸುವ ಕ್ರಮ. ಬಾಳೆಎಲೆ ಊಟದಲ್ಲಿ ಅನ್ನ ಬರುವ ಮುಂಚೆ ಕೋಸಂಬರಿ, ಪಲ್ಯ ಬರುತ್ತವಲ್ಲ, ಮನೆಯಲ್ಲೂ ಹಾಗೇ ಮಾಡಿ. ಮೊದಲು ಒಂದು ಬಟ್ಟಲು ಕೋಸಂಬರಿ ಅಥವಾ ಪಲ್ಯ ಮುಗಿಸಿ, ಆಮೇಲೆ ಅನ್ನ ಹಾಕಿಕೊಳ್ಳಿ. ನಾರು ಮತ್ತು ಪ್ರೋಟೀನ್ ಮುಂಚೆ ಹೋದರೆ ಊಟದ ನಂತರ ರಕ್ತದ ಸಕ್ಕರೆ ನಿಧಾನ ಏರುತ್ತೆ, ಎರಡನೇ ಸಲದ ಅನ್ನಕ್ಕೆ ಕೈ ಹೋಗುವುದೂ ಕಮ್ಮಿ. ಅನ್ನದ ಪಾತ್ರೆ ಅಡುಗೆಮನೆಯಲ್ಲೇ ಇರಲಿ, ಪಲ್ಯದ ಪಾತ್ರೆ ಊಟದ ಜಾಗಕ್ಕೆ ಬರಲಿ. ಒಂದು ಹೊತ್ತಿಗೆ 150 ಗ್ರಾಂ ಅನ್ನ, ಅಂದರೆ ಒಂದು ಬಟ್ಟಲು, ಸುಮಾರು 200 ಕ್ಯಾಲೊರಿ. ಕೋಸಂಬರಿಗೆ ಉಪ್ಪು ಬಡಿಸುವಾಗಲೇ ಹಾಕಿ. ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ರುಚಿ ಸಪ್ಪೆಯಾಗುತ್ತೆ, ಆಮೇಲೆ ಮತ್ತೆ ಉಪ್ಪು ಹಾಕುತ್ತೀರಿ.

ಮುದ್ದೆ ತಿಂದರೆ ತೂಕ ಇಳಿಯುತ್ತೆ ಅಂತ ನಂಬಿ ರಾಗಿಗೆ ಹೋಗುವವರಿಗೆ ಒಂದು ಮಾತು. 100 ಗ್ರಾಂ ರಾಗಿಯಲ್ಲಿ 320 ಕ್ಯಾಲೊರಿ, ಅಕ್ಕಿಯಲ್ಲಿ 356, ಭಾರಿ ವ್ಯತ್ಯಾಸವೇನಲ್ಲ. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ನಾರು 11 ಗ್ರಾಂ (ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ), ಕ್ಯಾಲ್ಸಿಯಂ 364 ಮಿಲಿಗ್ರಾಂ (ಅಕ್ಕಿಯಲ್ಲಿ ಹತ್ತೂ ಇಲ್ಲ). ಎರಡು ಮುದ್ದೆ ನುಂಗಿ, ಮೇಲೆ ಅನ್ನ ಸಾರು, ಕೊನೆಗೆ ಮಜ್ಜಿಗೆ ಅನ್ನ ಉಂಡರೆ ಯಾವ ರಾಗಿಯೂ ಕಾಪಾಡಲ್ಲ. ಮುದ್ದೆ ಇದ್ದ ಹೊತ್ತು ಅನ್ನ ಬೇಡ. ಹಿಟ್ಟನ್ನು ಬಟ್ಟೆಯಲ್ಲಿ ಜಾಲಿಸಬೇಡಿ, ನಾರು ಅಲ್ಲೇ ಉಳಿದುಬಿಡುತ್ತೆ.

ಎಣ್ಣೆಯ ಲೆಕ್ಕ ದಿನಕ್ಕೆ ಹಿಡಿಯಲು ಕಷ್ಟ, ತಿಂಗಳಿಗೆ ಸುಲಭ. 27 ಗ್ರಾಂ ಅಂದರೆ ತಿಂಗಳಿಗೆ ಒಬ್ಬರಿಗೆ ಸುಮಾರು 900 ಮಿಲಿ, ತುಪ್ಪವೂ ಸೇರಿ. ನಾಲ್ಕು ಜನರಲ್ಲಿ ಇಬ್ಬರು ಚಿಕ್ಕ ಮಕ್ಕಳಾದರೆ ಮೂರು ಲೀಟರ್ ಸುತ್ತಮುತ್ತ ಇರಲಿ. ಐದು ಲೀಟರಿನ ಕ್ಯಾನು ತಂದ ದಿನ ಅದರ ಮೇಲೆ ತಾರೀಖು ಬರೆಯಿರಿ. ತಿಂಗಳೊಳಗೆ ಖಾಲಿಯಾದರೆ ಹೊಟ್ಟೆ ಎಲ್ಲಿಂದ ಬಂತು ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲ. ಕ್ಯಾನಿನಿಂದ ಬಾಣಲೆಗೆ ನೇರ ಸುರಿಯುವ ಅಭ್ಯಾಸ ಬಿಡಿ. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ಕೈಯಳತೆಯಲ್ಲಿ ಸುರಿದರೆ ಎರಡು ಮೂರು ಚಮಚ ಸಲೀಸಾಗಿ ಬೀಳುತ್ತೆ. ಎಣ್ಣೆಯಲ್ಲಿ ಮುಳುಗಿದ್ದರೆ ಸಾಸಿವೆ ಚೆನ್ನಾಗಿ ಸಿಡಿಯುತ್ತೆ. ಅಗಲ ಬಾಣಲೆಯಲ್ಲಿ ಮುಳುಗಿಸಲು ಹೋಗಿಯೇ ಎಣ್ಣೆ ಜಾಸ್ತಿಯಾಗುವುದು. ಚಿಕ್ಕ ಒಗ್ಗರಣೆ ಸೌಟಿನಲ್ಲಿ ಎರಡು ಚಿಕ್ಕ ಚಮಚಕ್ಕೇ ಸಿಡಿಯುತ್ತೆ. ಎಣ್ಣೆ ನುಂಗುವ ಅಡುಗೆಗಳು ಚಿತ್ರಾನ್ನ, ವಾಂಗಿಬಾತು, ಉಪ್ಪಿಟ್ಟು. ಉಪ್ಪಿಟ್ಟಿಗೆ ರವೆಯನ್ನು ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿದರೆ ಅಂಟಲ್ಲ, ಅಂಟದಿರಲೆಂದು ಎಣ್ಣೆ ಸುರಿಯುವ ಕೆಲಸವೂ ಇಲ್ಲ. ರವೆಯಷ್ಟೇ ಬೀನ್ಸು, ಕ್ಯಾರೆಟ್ಟು, ಬಟಾಣಿ ಇರಲಿ.

ಉಪ್ಪೂ ಹಾಗೇ: ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಅಂದರೆ ನಾಲ್ಕು ಜನರಿಗೆ ಒಂದು ಕೆಜಿ ಪೊಟ್ಟಣ ಐವತ್ತು ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪು ಬೇರೆ ಇರುವುದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು.

ಕಾಫಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಮೂರು ಲೋಟ ಅಂದರೆ 25ರಿಂದ 30 ಗ್ರಾಂ. ಒಮ್ಮೆಗೇ ನಿಲ್ಲಿಸಿದವರು ಹತ್ತು ದಿನಕ್ಕೆ ವಾಪಸ್ ಬರುತ್ತಾರೆ. ವಾರಕ್ಕೆ ಕಾಲು ಚಮಚ ಇಳಿಸಿ, ಎರಡು ತಿಂಗಳಲ್ಲಿ ನಾಲಿಗೆಗೆ ಗೊತ್ತೇ ಆಗದೆ ಹೋಗಿರುತ್ತೆ. ಊಟಕ್ಕೂ ಕಾಫಿ ಟೀಗೂ ಒಂದು ಗಂಟೆ ಅಂತರ ಇರಲಿ, ಅದರಲ್ಲಿರುವ ಅಂಶಗಳು ಸೊಪ್ಪು ಕಾಳಿನ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡಲ್ಲ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಉಲ್ಟಾ, ಕಬ್ಬಿಣ ಚೆನ್ನಾಗಿ ಹತ್ತುತ್ತೆ. ನಾಲ್ಕು ಗಂಟೆಯ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿಬೀಜ, ಜೊತೆಗೊಂದು ಸೀಬೆಹಣ್ಣು. "ಮಲ್ಟಿಗ್ರೇನ್" ಅಂತ ಬರೆದ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ: ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆದಿರುತ್ತಾರೆ, ಮೊದಲನೆಯದು ಮೈದಾ ಇದ್ದರೆ ಅದು ಮೈದಾ ಬಿಸ್ಕತ್ತೇ. ಬೆಳಗಿನ ಬಿಸಿನೀರು, ನಿಂಬೆ, ಜೇನುತುಪ್ಪಕ್ಕೆ ಕೊಬ್ಬು ಕರಗಿಸುವ ಶಕ್ತಿಯೇನೂ ಇಲ್ಲ. ಒಂದು ದೊಡ್ಡ ಚಮಚ ಜೇನು 60 ಕ್ಯಾಲೊರಿ.

ಈಗ ಮೈ ಅಲ್ಲಾಡಿಸುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಬೆಳಗ್ಗೆ ಐದಕ್ಕೆ ಏಳುವ ಶಪಥ ಬೇಡ. ಮಧ್ಯಾಹ್ನ ಊಟವಾದ ಮೇಲೆ 12 ನಿಮಿಷ, ರಾತ್ರಿ ಊಟವಾದ ಮೇಲೆ 12 ನಿಮಿಷ ನಡೆದರೆ ವಾರಕ್ಕೆ 168 ನಿಮಿಷ ಆಯಿತು. ಊಟದ ನಂತರವೇ ಯಾಕೆ ಅಂದರೆ, ಓಡಾಡುವ ಕಾಲಿನ ಸ್ನಾಯು ರಕ್ತಕ್ಕೆ ಆಗತಾನೆ ಬಂದ ಸಕ್ಕರೆಯನ್ನು ಎಳೆದುಕೊಳ್ಳುತ್ತೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಫೋನು ನೋಡುತ್ತ ಮಹಡಿಯ ಮೇಲೆ ಅಡ್ಡಾಡಿದರೆ ಆ ವೇಗ ಬರಲ್ಲ.

ಎಲ್ಲರೂ ಬಿಟ್ಟುಬಿಡುವುದು ಎರಡನೆಯದನ್ನು, ಅಂದರೆ ಸ್ನಾಯುಗಳ ಕೆಲಸವನ್ನು. ಬರೀ ನಡಿಗೆಯಿಂದ ಸ್ನಾಯು ಬೆಳೆಯಲ್ಲ, ಮೂವತ್ತು ದಾಟಿದ ಮೇಲೆ ಅದು ನಿಧಾನಕ್ಕೆ ಕರಗುತ್ತಲೇ ಇರುತ್ತೆ. ಗರಡಿಮನೆಯ ದಂಡೆ (ಪುಷ್ಅಪ್), ಬಸ್ಕಿ ಸಾಕು, ವಾರಕ್ಕೆ ಮೂರು ದಿನ, ಹದಿನೈದು ನಿಮಿಷ. ಬಸ್ಕಿಗೆ ಹಿಂದೆ ಒಂದು ಕುರ್ಚಿ ಇಟ್ಟುಕೊಳ್ಳಿ. ಪಾದಗಳು ಭುಜದಷ್ಟು ಅಗಲ, ಸೊಂಟವನ್ನು ಹಿಂದಕ್ಕೆ ತಳ್ಳುತ್ತ ಮೂರು ಎಣಿಸಿ ಇಳಿಯಿರಿ, ಕುರ್ಚಿ ತಗುಲಿದ ತಕ್ಷಣ ಏಳಿ. ಹತ್ತು ಸಲ, ಒಂದು ನಿಮಿಷ ವಿರಾಮ, ಹೀಗೆ ಮೂರು ಸುತ್ತು. ಹಿಮ್ಮಡಿ ನೆಲ ಬಿಟ್ಟರೆ ಅಥವಾ ಮಂಡಿ ಒಳಕ್ಕೆ ವಾಲಿದರೆ ನೋವು ಬರಬಹುದು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು. ಹದಿನೈದು ಸುಲಭವಾದ ಮೇಲೆ ಐದು ಲೀಟರಿನ ನೀರಿನ ಕ್ಯಾನು ಎದೆಗೆ ಅವುಚಿಕೊಂಡು ಮಾಡಿ. ದಂಡೆಯನ್ನು ನೆಲದ ಮೇಲೆ ಶುರು ಮಾಡಿ ಮೂರಕ್ಕೇ ಕೈಚೆಲ್ಲಬೇಡಿ: ಮೊದಲು ಗೋಡೆಗೆ ಕೈಯೂರಿ, ಆಮೇಲೆ ಅಡುಗೆ ಕಟ್ಟೆಗೆ, ಕೊನೆಗೆ ನೆಲಕ್ಕೆ. ಏಳುವಾಗ ಉಸಿರು ಬಿಡಿ, ಬಿಗಿ ಹಿಡಿದರೆ ಬಿಪಿ ಏರುತ್ತೆ.

ಮೈ ತೂಕದ ಯಂತ್ರಕ್ಕಿಂತ ಸೊಂಟ ಅಳೆಯುವ ಟೇಪಿನ ಮಾತು ಕೇಳಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ನಮ್ಮ ಜನಕ್ಕೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಮೇಲಾದರೆ ಎಚ್ಚರ. ತೂಕ ವಾರಕ್ಕೊಮ್ಮೆ, ಬೆಳಗ್ಗೆ ಶೌಚ ಮುಗಿದ ಮೇಲೆ ಮಾತ್ರ ನೋಡಿ. ಹಬ್ಬದ ಮಾರನೇ ದಿನ ಒಂದು ಕೆಜಿ ಏರಿದ್ದರೆ ಅದು ಬಹುಪಾಲು ಉಪ್ಪು ಹಿಡಿದಿಟ್ಟ ನೀರು, ಹೆದರಬೇಡಿ. ತಿಂಗಳಿಗೆ ಎರಡು ಕೆಜಿ ಇಳಿದರೆ ಸರಿಯಾದ ವೇಗ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅವರ ಅನ್ನವನ್ನು ದಿಢೀರನೆ ಇಳಿಸಬೇಡಿ, ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಮಾತ್ರೆಯ ಪ್ರಮಾಣವನ್ನು ಮೊದಲು ಡಾಕ್ಟರು ನೋಡಬೇಕು. ಕಿಡ್ನಿ ತೊಂದರೆ ಇರುವವರಿಗೆ ಮೇಲಿನ ಬೇಳೆಕಾಳಿನ ಲೆಕ್ಕ ಹೊಂದಲ್ಲ, ಅಂಗಡಿಯ "ಕಡಿಮೆ ಸೋಡಿಯಂ" ಉಪ್ಪೂ ಆಗಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ನಿಮ್ಮ ಸಂಜೆಯ ಸುಸ್ತು ಆರು ವಾರವಾದರೂ ಹೋಗದಿದ್ದರೆ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಮಾಡಿಸಿ. ಮೊಟ್ಟೆ ಮಾಂಸ ತಿನ್ನದವರಾದರೆ ಬಿ12 ಕೂಡ.