'ಹೂಸ್', 'ನಿಖ್ಟ್' ಕೆಟ್ಟ ಇಂಗ್ಲಿಷ್ ಅಲ್ಲ

ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ 'ಹೂಸ್' (ಮನೆ), 'ನಿಖ್ಟ್' (ರಾತ್ರಿ) ಇವೆಲ್ಲ ಇಂಗ್ಲಿಷನ್ನು ತಪ್ಪಾಗಿ ಆಡಿದ ರೂಪಗಳೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಇಲ್ಲಿ ಸ್ಕಾಟ್ಸ್ ರೂಪವೇ ಜಾಸ್ತಿ ಹಳೆಯದು. ಎರಡಕ್ಕೂ ಮೂಲವಾದ ಹಳೆ ಇಂಗ್ಲಿಷ್‌ನಲ್ಲಿ ಮನೆಗೆ 'ಹೂಸ್', ಹಸುವಿಗೆ 'ಕೂ' ಎಂದೇ ಅನ್ನುತ್ತಿದ್ದರು. ದಕ್ಷಿಣದಲ್ಲಿ, ಇಂಗ್ಲೆಂಡಿನ ಕಡೆ, ಆ ಸ್ವರ ಬದಲಾಗಿ 'ಹೌಸ್', 'ಕೌ' ಆಯಿತು. ಸ್ಕಾಟ್ಲೆಂಡಿನಲ್ಲಿ ಹಾಗೇ ಉಳಿಯಿತು. ರಾತ್ರಿ ಎನ್ನುವ 'ನಿಖ್ಟ್'ನ ಗಂಟಲ ಸದ್ದೂ ಅಷ್ಟೇ. ಇಂಗ್ಲಿಷಿನ 'ನೈಟ್'ನಲ್ಲಿ ಅದು ಈಗ ಸ್ಪೆಲಿಂಗಿಗೆ ಮಾತ್ರ ಉಳಿದಿದೆ, ಅಲ್ವಾ?

ಸ್ಕಾಟ್ಲೆಂಡಿನ ಇನ್ನೊಂದು ಭಾಷೆಯಾದ ಗೇಲಿಕ್ ಜೊತೆ ಸ್ಕಾಟ್ಸನ್ನು ಬೆರೆಸಬೇಡಿ, ಅದು ಬೇರೆ ಶಾಖೆಯ ಭಾಷೆ. ಸ್ಕಾಟ್ಸ್‌ಗೆ ಫ್ರೆಂಚಿನಿಂದಲೂ ಪದಗಳು ಬಂದಿವೆ. ದೊಡ್ಡ ತಟ್ಟೆಗೆ ಹೇಳುವ 'ಆಶೆಟ್' ಹಾಗೆ ಬಂದದ್ದು. ಇಂಗ್ಲಿಷಿಗೆ ಕೊಟ್ಟದ್ದೂ ಉಂಟು. ನಾವು ಸಿನಿಮಾದವರಿಗೆ ಬಳಸುವ 'ಗ್ಲಾಮರ್' ಸ್ಕಾಟ್ಸ್ ಪದ. ಅಲ್ಲಿ ಅದರ ಹಳೆ ಅರ್ಥ ಕಣ್ಕಟ್ಟು, ಮಾಟ. ನನಗೆ ತುಂಬಾ ಇಷ್ಟವಾದ ಪದ ಇದು.

ಪದ ಹುಡುಕಲು 'ಡಿಕ್ಷನರೀಸ್ ಆಫ್ ದ ಸ್ಕಾಟ್ಸ್ ಲ್ಯಾಂಗ್ವೇಜ್' ತಾಣ ನೋಡಿ, ಉಚಿತ. ಅದರಲ್ಲಿ ಎರಡು ದೊಡ್ಡ ನಿಘಂಟುಗಳಿವೆ. 1700ರವರೆಗಿನ ಪದಗಳು ಒಂದರಲ್ಲಿ, ಆಮೇಲಿನವು ಇನ್ನೊಂದರಲ್ಲಿ. ಎರಡನ್ನೂ ತೆರೆದು ನೋಡಿ. ಹಳೆ ಪದ್ಯ ಓದುವಾಗ ಹೊಸ ಅರ್ಥ ಹಿಡಿದರೆ ಸಾಲು ಕೈಕೊಡುತ್ತದೆ.