ಅಮೆರಿಕದ ಜಾನಪದ ಸಂಗೀತಕ್ಕೆ ಲೋಮಾಕ್ಸ್ ಕುಟುಂಬ ಮಾಡಿದ್ದು ಉಪಕಾರವೋ, ಸುಲಿಗೆಯೋ?

ನಿಮ್ಮ ಪ್ರಶ್ನೆ ಒಂದೇ ಆದರೂ ತಲೆಮಾರಿಗೊಂದು ಉತ್ತರ ಹೇಳಬೇಕಾಗುತ್ತದೆ.

ಲೋಮಾಕ್ಸ್‌ಗಳು ಹಾಡು ಸಂಗ್ರಹಿಸುತ್ತಿದ್ದ ಮನೆತನ. ಅಪ್ಪ ಜಾನ್ ಲೋಮಾಕ್ಸ್ ಟೆಕ್ಸಾಸ್‌ನಲ್ಲಿ ಬೆಳೆದವರು. ದನ ಕಾಯುವವರ ಹಾಡುಗಳನ್ನು ಕಲೆಹಾಕಿ 1910ರಲ್ಲೇ ಪುಸ್ತಕ ತಂದಿದ್ದರು. ಮುಂದೆ ಹೆಂಡತಿ ತೀರಿಕೊಂಡರು, ಆರ್ಥಿಕ ಕುಸಿತದಲ್ಲಿ ಬ್ಯಾಂಕಿನ ಕೆಲಸವೂ ಹೋಯಿತು. 1933ರಲ್ಲಿ, ಬೇರೆಯವರು ಮನೆ ಹಿಡಿದು ಕೂರುವ ವಯಸ್ಸಿನಲ್ಲಿ, 18ರ ಮಗ ಅಲನ್‌ನನ್ನು ಕರೆದುಕೊಂಡು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಹಾಡು ಧ್ವನಿಮುದ್ರಿಸಲು ದಕ್ಷಿಣದ ರಾಜ್ಯಗಳಿಗೆ ಹೊರಟರು. ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡ ಯಂತ್ರವೇ ಸುಮಾರು 140 ಕಿಲೋ! ಜೈಲುಗಳನ್ನೇ ಹುಡುಕಿಕೊಂಡು ಹೋದರು. ರೇಡಿಯೊ, ಗ್ರಾಮಫೋನಿನ ಗಾಳಿ ಸೋಕದ ಹಳೆಯ ದುಡಿಮೆಯ ಹಾಡುಗಳು ಕಪ್ಪು ಕೈದಿಗಳ ಬಾಯಲ್ಲಿ ಉಳಿದಿರುತ್ತವೆ ಅನ್ನುವ ಲೆಕ್ಕಾಚಾರ. ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ಸಿಕ್ಕವರೇ ಗಾಯಕ ಹ್ಯೂಡಿ ಲೆಡ್‌ಬೆಟರ್, ಅಂದರೆ ಲೆಡ್ ಬೆಲ್ಲಿ. (ಹಾಡು ಕೇಳಿ ಗವರ್ನರ್ ಮನಕರಗಿ ಅವರನ್ನು ಬಿಟ್ಟರು ಅನ್ನುವುದು ಕಟ್ಟುಕಥೆ. ಸನ್ನಡತೆಯ ಮೇಲೆ ಶಿಕ್ಷೆ ಕಡಿತವಾಗಿ 1934ರಲ್ಲಿ ಹೊರಬಂದರು.)

ತಕರಾರು ಶುರುವಾಗುವುದು ಇಲ್ಲಿಂದ. ಲೆಡ್ ಬೆಲ್ಲಿ ಜಾನ್ ಅವರ ಕಾರು ಓಡಿಸುತ್ತಾ, ಅವರ ಜೊತೆ ಕಾರ್ಯಕ್ರಮ ಕೊಡುತ್ತಾ ಇದ್ದರು. ದುಡ್ಡಿನ ವಿಷಯಕ್ಕೆ ಜಗಳವಾಗಿ 1935ರಲ್ಲಿ ಬೇರೆಯಾದರು. ಆದರೂ ಲೆಡ್ ಬೆಲ್ಲಿಯ ‘ಗುಡ್‌ನೈಟ್ ಐರೀನ್’ ಹಾಡಿನ ಕಾಪಿರೈಟಿನಲ್ಲಿ ಜಾನ್ ಹೆಸರೂ ಸೇರಿತು. 1950ರಲ್ಲಿ ವೀವರ್ಸ್ ತಂಡ ಹಾಡಿ ಅದು ಇಡೀ ದೇಶದ ಬಾಯಿಗೆ ಬಂದಾಗ ಲೆಡ್ ಬೆಲ್ಲಿ ಸತ್ತು ಕೆಲವೇ ತಿಂಗಳಾಗಿತ್ತು. ಹಾಡನ್ನು ಬರೆದುಕೊಂಡವರು ಹಾಡು ಕಟ್ಟಿದವರ ಪಾಲಿಗೆ ಕೈಹಾಕಿದ್ದಕ್ಕೆ ಏನೇ ಸಮಜಾಯಿಷಿ ಕೊಟ್ಟರೂ ನಾನು ಒಪ್ಪಲಾರೆ.

ಅಲನ್ ಕೂಡ ಪೂರ್ತಿ ಶುದ್ಧರಲ್ಲ. 1941ರಲ್ಲಿ ಮಿಸಿಸಿಪ್ಪಿಯ ತೋಟವೊಂದರಲ್ಲಿ, ಮುಂದೆ ಬ್ಲೂಸ್ ಗಾಯಕರಾಗಿ ಹೆಸರಾದ ಮಡ್ಡಿ ವಾಟರ್ಸ್ ಅವರ ಹಾಡನ್ನು ಮೊದಲು ಮುದ್ರಿಸಿಕೊಂಡ ಕೀರ್ತಿಯೆಲ್ಲ ಅಲನ್‌ಗೇ ಬಂತು. ಜೊತೆಗಿದ್ದ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ವಿದ್ವಾಂಸ ಜಾನ್ ವರ್ಕ್ ಅವರನ್ನು ಬಹುಕಾಲ ಯಾರೂ ನೆನೆಯಲಿಲ್ಲ. ಆದರೆ ಆ ಮುದ್ರಣವೇ ಆಗದಿದ್ದರೆ? ಯಂತ್ರದಿಂದ ಹೊರಟ ತನ್ನ ದನಿ ಕೇಳಿದ ಮೇಲೇ ಮಡ್ಡಿ ವಾಟರ್ಸ್‌ಗೆ ತನ್ನ ಕೈಲಾಗುತ್ತದೆ ಅನ್ನುವ ಧೈರ್ಯ ಬಂದದ್ದು.

ಅಲನ್ ತಂಗಿ ಬೆಸ್ ಹೆಸರು ಯಾರೂ ಹೇಳುವುದಿಲ್ಲ, ನನ್ನ ಲೆಕ್ಕದಲ್ಲಿ ಈ ಮನೆಯ ದೊಡ್ಡ ಕೆಲಸ ಅವರದೇ. 1977ರಿಂದ ಅಮೆರಿಕ ಸರ್ಕಾರದ ಕಲಾನಿಧಿಯಲ್ಲಿ ಜಾನಪದ ವಿಭಾಗ ನಡೆಸಿದರು. ಅಲ್ಲಿ 1982ರಲ್ಲಿ ಶುರುವಾದ ಗೌರವಧನ ಯೋಜನೆಯಲ್ಲಿ ದುಡ್ಡು ಸಂಗ್ರಾಹಕರಿಗಲ್ಲ, ನೇರವಾಗಿ ಕಲಾವಿದರ ಕೈಗೇ ಹೋಗುತ್ತಿತ್ತು.

ಮೂರನೇ ತಲೆಮಾರಿನದು ಕೇಳಿ. 1959ರಲ್ಲಿ ಪಾರ್ಚ್‌ಮನ್ ಜೈಲಿನಲ್ಲಿ ಕೈದಿಗಳು ಕೊಡಲಿ ಏಟಿನ ತಾಳಕ್ಕೆ ಹಾಡುತ್ತಾ ಸೌದೆ ಕಡಿಯುತ್ತಿದ್ದುದನ್ನು ಅಲನ್ ಮುದ್ರಿಸಿಕೊಂಡಿದ್ದರು. ಮುಂದಾಳು ಜೇಮ್ಸ್ ಕಾರ್ಟರ್. 2000ದಲ್ಲಿ ಅದು ಒಂದು ಸಿನಿಮಾದಲ್ಲಿ ಬಂದು, ಅದರ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. ಅಲನ್ ಮಗಳು ಅನ್ನಾ ಮತ್ತು ಅವರ ಸಂಗ್ರಹಾಲಯದವರು ಕಾರ್ಟರ್‌ರನ್ನು ಷಿಕಾಗೋದಲ್ಲಿ ಪತ್ತೆಹಚ್ಚಿ, 2002ರಲ್ಲಿ 20,000 ಡಾಲರ್ ಚೆಕ್ ಕೈಗೆ ಕೊಟ್ಟರು.

ಅಲನ್ ಸಂಗ್ರಹದ ಬಹುಪಾಲು ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕೇಳುವುದಾದರೆ ಆ 1959ರ ಮುದ್ರಣಗಳಿಂದಲೇ ಶುರುಮಾಡಿ.