ಸ್ಯಾಂಟೋಸ್ ಗೆದ್ದದ್ದು ಎರಡೋ ಎಂಟೋ?

ಪ್ರಶ್ನೆ: ನಮ್ಮೂರ ಕ್ವಿಜ್‌ನಲ್ಲಿ ಪೆಲೆ ಆಡಿದ ಸ್ಯಾಂಟೋಸ್ ಕ್ಲಬ್ ಬ್ರೆಜಿಲ್ ಲೀಗನ್ನು ಎಂಟು ಸಲ ಗೆದ್ದಿದೆ ಎಂದೆ. ತೀರ್ಪುಗಾರರು ಎರಡೇ ಎಂದು ಅಂಕ ಕಳೆದರು. ಯಾವುದು ಸರಿ? – ಓದುಗರು, ಮಂಡ್ಯ

ಉತ್ತರ: ಈಗಿನ ಲೆಕ್ಕದಲ್ಲಿ ನಿಮ್ಮದೇ ಸರಿ. ತೀರ್ಪುಗಾರರ ಕೈಲಿದ್ದದ್ದು ಹಳೇ ಪುಸ್ತಕ ಇರಬೇಕು. ರಾಷ್ಟ್ರೀಯ ಲೀಗ್ ಶುರುವಾದದ್ದು 1971ರಲ್ಲಿ. ಅದರಲ್ಲಿ ಸ್ಯಾಂಟೋಸ್ ಗೆದ್ದದ್ದು 2002 ಮತ್ತು 2004, ಎರಡೇ. ಅದಕ್ಕೂ ಮೊದಲಿನ ಟಾಸಾ ಬ್ರೆಜಿಲ್ ಟೂರ್ನಿಯನ್ನು 1961ರಿಂದ 65ರವರೆಗೆ ಸತತ ಐದು ಸಲ, 1968ರಲ್ಲಿ ರಾಬರ್ಟೊ ಗೋಮೆಸ್ ಪೆಡ್ರೋಸಾ ಟೂರ್ನಿಯನ್ನೂ ಗೆದ್ದಿತ್ತು. 2010ರಲ್ಲಿ ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟ ಇವನ್ನೂ ರಾಷ್ಟ್ರೀಯ ಪ್ರಶಸ್ತಿ ಎಂದು ಮಾನ್ಯ ಮಾಡಿತು. ಎರಡಕ್ಕೆ ಆರು ಸೇರಿ ಎಂಟು.

ದಕ್ಷಿಣ ಅಮೆರಿಕದ ಕ್ಲಬ್‌ಗಳ ಲಿಬರ್ಟಡೋರೆಸ್ ಕಪ್ ಬೇರೆ ಲೆಕ್ಕ, ಬೆರೆಸಬೇಡಿ: 1962, 1963, ನೇಮರ್ ಇದ್ದಾಗ 2011. ಲಾಂಛನದ ಮೇಲಿನ ಎರಡು ನಕ್ಷತ್ರ 1962, 63ರಲ್ಲಿ ಗೆದ್ದ, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ನಡುವಿನ ಇಂಟರ್‌ಕಾಂಟಿನೆಂಟಲ್ ಕಪ್‌ಗೆ. 1962ರಲ್ಲಿ ಲಿಸ್ಬನ್‌ಗೇ ಹೋಗಿ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ಬನ್ನು 5–2ರಿಂದ ಸೋಲಿಸಿತು. ಪೆಲೆ ಒಬ್ಬರದೇ ಮೂರು ಗೋಲು. ಮರುವರ್ಷ ಇದೇ ಕಪ್‌ನಲ್ಲಿ ಇಟಲಿಯ ಮಿಲಾನ್ ಕ್ಲಬ್ ವಿರುದ್ಧದ ಕೊನೆಯ ಎರಡು ಪಂದ್ಯಕ್ಕೆ ಪೆಲೆ ಇರಲಿಲ್ಲ, ಗಾಯ. ಆದರೂ ಗೆದ್ದರು, ಇದನ್ನು ಬಹಳ ಜನ ಮರೆಯುತ್ತಾರೆ. 1912ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ಸಲ ಎರಡನೇ ದರ್ಜೆಗೆ ಇಳಿದದ್ದು 2023ರಲ್ಲಿ. ಮುಂದಿನ ವರ್ಷವೇ ಅಲ್ಲಿ ಗೆದ್ದು ಮೇಲೆ ಬಂತು.